ಹಳಿ ಹಿಡಿದ ಮೋಟಾರು

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ತೇದಿ ಎಂಬ ಭಾವನೆ ನಮ್ಮಲ್ಲಿ ಬಹುಮಟ್ಟಿಗೆ ಅಳಿದಿದೆ. ಶಾಸನ, ವೀರಗಲ್ಲು, ನಾಣ್ಯ, ತಾಳೆಗರಿ, ಒಡೆದ ಮಡಕೆಯ ಚೂರು ಇವೆಲ್ಲವೂ ಇತಿಹಾಸಕ್ಕೆ ಆಕರಗಳೆಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಯಂತ್ರವೂ ಒಂದು ಆಕರ, ಅದನ್ನೂ ಶಾಸನವನ್ನು ಓದುವಂತೆ ಓದಬಹುದು ಎಂದರೆ ಸಾಹಿತ್ಯಪ್ರಿಯರಾದ ನಮ್ಮ ಗೆಳೆಯರು ಸ್ವಲ್ಪ ಹುಬ್ಬೇರಿಸುತ್ತಾರೆ. ಕಬ್ಬಿಣಕ್ಕೂ ಕನ್ನಡದ ಮೇಷ್ಟರಿಗೂ ಏನು ಸಂಬಂಧವೆಂಬುದು ಅವರ ಪ್ರಶ್ನೆ. ಆ ಪ್ರಶ್ನೆಗೆ ಉತ್ತರವಾಗಿ ಈ ಹೊತ್ತು ನಾನು ಒಂದೇ ಒಂದು ಯಂತ್ರದ ಕಥೆಯನ್ನು ನಿಮ್ಮ ಮುಂದೆ ಇಡಲು ಬಯಸುತ್ತೇನೆ.

ಮೈಸೂರಿನಲ್ಲಿ ಕೃಷ್ಣರಾಜಸಾಗರದ ರಸ್ತೆಯಲ್ಲಿ, ಆಹಾರ ಸಂಶೋಧನಾಲಯದ ಎದುರಿಗೆ, ರೈಲ್ವೆ ವಸ್ತುಸಂಗ್ರಹಾಲಯವೊಂದಿದೆ. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ 1977ರಲ್ಲಿ ಆರಂಭವಾಯಿತು. ಅದಾದ ಎರಡು ವರ್ಷಕ್ಕೆ, 1979ರಲ್ಲಿ, ಮೈಸೂರಿನದು ತೆರೆಯಿತು. ಅಲ್ಲಿಗೆ ಹೋದವರೆಲ್ಲ ಮೊದಲು ನೋಡುವುದು ಮಹಾರಾಣಿಯವರ ಸಲೂನು ಬಂಡಿಯನ್ನು. 1899ರ ಆ ಬಂಡಿಯಲ್ಲಿ ಅಡುಗೆಮನೆಯುಂಟು, ಊಟದ ಕೋಣೆಯುಂಟು. ಹಳಿಗಳ ಮೇಲೆ ಚಲಿಸುವ ಒಂದು ಪುಟ್ಟ ಅರಮನೆ ಅದು. ಆಮೇಲೆ ಮಕ್ಕಳು ಉಗಿಯಂತ್ರಗಳ ಕಡೆಗೆ ಓಡುತ್ತಾರೆ. ಇವೆರಡರ ಭರಾಟೆಯಲ್ಲಿ ಒಂದು ಸಣ್ಣ ವಾಹನ ಅನೇಕರ ಕಣ್ಣಿಗೆ ಬೀಳುವುದೇ ಇಲ್ಲ. ನೋಡುವುದಕ್ಕೆ ಅದು ಹಳೆಯ ಕಾಲದ ಮೋಟಾರು ಕಾರು. ಆದರೆ ಅದರ ಕಾಲಿಗೆ ರಬ್ಬರಿನ ಟೈರುಗಳಿಲ್ಲ, ರೈಲುಬಂಡಿಯ ಉಕ್ಕಿನ ಚಕ್ರಗಳಿವೆ. ಅದು ಆಸ್ಟಿನ್ ಕಂಪನಿಯ ಕಾರು. 1925ರಲ್ಲಿ ರಸ್ತೆಯ ಮೇಲೆ ಓಡಲೆಂದು ತಯಾರಾದದ್ದು. ಮುಂದೆ ಅದು ಗುಜರಿ ವ್ಯಾಪಾರಿಯ ಕೈಸೇರಿತು. ರೈಲ್ವೆಯ ನೌಕರನೊಬ್ಬ ಅದನ್ನು ಗುಜರಿಯವನಿಂದ ಕೊಂಡು, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ. ಹಳಿಗಳ ತಪಾಸಣೆಗೆ ಹೋಗುವ ಅಧಿಕಾರಿಗಳಿಗೆ ಅದು ವಾಹನವಾಯಿತು. ನಾನು ಹೇಳಬೇಕೆಂದಿರುವ ಕಥೆಯ ಮೂಲ ಇಷ್ಟೇ. ಎರಡು ಮೂರು ವಾಕ್ಯಗಳಲ್ಲಿ ಮುಗಿಯುವ ಈ ಕಥೆಯೊಳಗೆ ಏನೇನು ಅಡಗಿದೆಯೆಂಬುದನ್ನು ನೋಡೋಣ.

ನಾನು ಮೈಸೂರು ಸೀಮೆಯವನಲ್ಲ. ನನ್ನ ಊರು ಖಜೂರಿ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ಆಳಂದ ತಾಲ್ಲೂಕಿನ ಹಳ್ಳಿ. ರೈಲು ನಮ್ಮ ಜಿಲ್ಲೆಗೆ ಬಂದು ಒಂದೂವರೆ ಶತಮಾನ ಕಳೆಯಿತು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರಗಿ, ವಾಡಿಗಳ ಮೂಲಕ ಸಾಗಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಆರಂಭವಾಯಿತು. ಆದರೆ ಈ ಹಳಿಗಳು ಬಂದದ್ದು ಮುಂಬಯಿ, ಮದರಾಸು, ಹೈದರಾಬಾದುಗಳನ್ನು ಬೆಸೆಯುವುದಕ್ಕೆ; ನಮ್ಮ ಊರುಗಳನ್ನು ಮುಟ್ಟುವುದಕ್ಕಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಭಾಗದ ಸ್ಟೇಶನ್ನುಗಳ ಹೆಸರುಗಳನ್ನೇ ಓದಿಕೊಳ್ಳಬಹುದು. ಅಕ್ಕಲಕೋಟ ರೋಡ್, ಗಾಣಗಾಪುರ ರೋಡ್, ಮಳಖೇಡ ರೋಡ್. ‘ರೋಡ್’ ಎಂಬ ಆ ಬಾಲಕ್ಕೆ ಅರ್ಥವಿಷ್ಟೆ: ಊರು ಇಲ್ಲಿಲ್ಲ, ಇಲ್ಲಿಂದ ಅಲ್ಲಿಗೆ ದಾರಿಯಿದೆ, ಇಳಿದು ನಡೆಯಿರಿ. ಅಫಜಲಪುರ ತಾಲ್ಲೂಕಿನ ದೇವಲಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕೆಂದು ಬರುವ ಯಾತ್ರಿಕರು ಸ್ಟೇಶನ್ನಿನಲ್ಲಿಳಿದ ಮೇಲೂ ಸುಮಾರು 20 ಕಿಲೋಮೀಟರು ಹೋಗಬೇಕು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟಕ್ಕೂ ರೈಲು ಸಲ್ಲಿಸಿದ ಗೌರವ ಒಂದು ‘ರೋಡ್’ ಮಾತ್ರ. ಆಳಂದ ಪಟ್ಟಣಕ್ಕಂತೂ ಆ ‘ರೋಡ್’ ಸಹ ದೊರೆಯಲಿಲ್ಲ. ನಮ್ಮ ಹಿರಿಯರು ರಾತ್ರಿ ಗಾಡಿ ಕಟ್ಟಿ, ಬುತ್ತಿ ಬಿಚ್ಚಿ, ಎತ್ತಿನ ಕೊರಳ ಗೆಜ್ಜೆಯ ಸಪ್ಪಳದಲ್ಲಿ ತೂಕಡಿಸುತ್ತ ಸ್ಟೇಶನ್ನು ಮುಟ್ಟುತ್ತಿದ್ದರು.

ಹಳಿ ಊರಿಗೆ ಬರಲಾರದೆ ಹೋದಾಗ ರೈಲ್ವೆಯೇ ಹಳಿ ಬಿಟ್ಟು ರಸ್ತೆಗೆ ಇಳಿದ ಸಂಗತಿಯೊಂದು ಹೈದರಾಬಾದ್ ಸಂಸ್ಥಾನದಲ್ಲಿ ನಡೆಯಿತು. 1930ರಲ್ಲಿ ನಿಜಾಮ್ ಸರ್ಕಾರ ತನ್ನ ನಾಡಿನ ರೈಲನ್ನು ಕಂಪನಿಯವರ ಕೈಯಿಂದ ಕೊಂಡುಕೊಂಡಿತು. 1932ರಲ್ಲಿ ಆ ರೈಲ್ವೆಯ ಅಂಗವಾಗಿಯೇ ರಸ್ತೆ ಸಾರಿಗೆ ವಿಭಾಗವನ್ನು ತೆರೆಯಿತು. ಆರಂಭದಲ್ಲಿ ಅದರಲ್ಲಿ ಇದ್ದದ್ದು 27 ಬಸ್ಸುಗಳು, 166 ಮಂದಿ ನೌಕರರು. ಬ್ರಿಟನ್ನಿನ ಆಲ್ಬಿಯನ್ ಕಂಪನಿಯ ಬಸ್ಸುಗಳು ಅವು. 1951ರ ನವೆಂಬರಿನಲ್ಲಿ ಈ ಸಾರಿಗೆ ರೈಲ್ವೆಯಿಂದ ಬೇರ್ಪಟ್ಟು ಹೈದರಾಬಾದ್ ರಾಜ್ಯ ಸರ್ಕಾರದ್ದಾಯಿತು; 1956ರಲ್ಲಿ ಕಲಬುರಗಿ, ಬೀದರ, ರಾಯಚೂರುಗಳು ಕನ್ನಡ ನಾಡನ್ನು ಕೂಡಿದವು. ಇಂದು ನಮ್ಮ ಹಳ್ಳಿಯಲ್ಲಿ ನಿಲ್ಲುವ ಕೆಂಪು ಬಸ್ಸಿಗೆ ರೈಲಿನ ರಕ್ತಸಂಬಂಧವುಂಟೆಂದರೆ ಅದರ ಕಂಡಕ್ಟರರೂ ನಂಬಲಾರರು. ಆದರೂ ಮಾತು ನಿಜ. ಹೈದರಾಬಾದಿನಲ್ಲಿ ರೈಲು ರಸ್ತೆಗಿಳಿಯಿತು. ಮೈಸೂರಿನಲ್ಲಿ ರಸ್ತೆಯ ಕಾರು ಹಳಿಗೇರಿತು. ಒಂದು ಸರ್ಕಾರದ ಆಜ್ಞೆಯಿಂದ ಆದದ್ದು. ಇನ್ನೊಂದು, ಗುಜರಿಯ ರಾಶಿಯಲ್ಲಿ ಒಂದು ಸಾಧ್ಯತೆಯನ್ನು ಕಂಡ ಒಬ್ಬ ನೌಕರನ ಕಣ್ಣಿನಿಂದ ಆದದ್ದು.

ಆ ಕಾರಿನ ತವರನ್ನು ಸ್ವಲ್ಪ ನೋಡೋಣ. ಹರ್ಬರ್ಟ್ ಆಸ್ಟಿನ್ ಎಂಬಾತ 1905ರಲ್ಲಿ ಬರ್ಮಿಂಗ್‌ಹ್ಯಾಮಿನ ಬಳಿಯ ಲಾಂಗ್‌ಬ್ರಿಜ್‌ನಲ್ಲಿ ಕಾರ್ಖಾನೆ ಹೂಡಿದ. 1922ರಲ್ಲಿ ಆತ ಹೊರತಂದ ‘ಆಸ್ಟಿನ್ ಸೆವೆನ್’ ಎಂಬ ಪುಟ್ಟ ಕಾರು ಇಂಗ್ಲೆಂಡಿನ ಮಧ್ಯಮ ವರ್ಗದವರಿಗೂ ಮೋಟಾರಿನ ಭಾಗ್ಯವನ್ನು ತಂದುಕೊಟ್ಟಿತು. ನಮ್ಮಲ್ಲಿ ಆ ಕಾಲಕ್ಕೆ ಕಾರೆಂಬುದು ಅರಮನೆ, ದಿವಾನಗಿರಿ, ತೋಟದ ಸಾಹೇಬರು, ದೊಡ್ಡ ವಕೀಲರು ಇವರ ಅಂಗಳದ ವಸ್ತು. ಲಾಂಗ್‌ಬ್ರಿಜ್‌ನಿಂದ ಹಡಗು ಹತ್ತಿ ಬಂದ ಕಾರು ಸಿರಿವಂತರ ಅಂಗಳದಿಂದ ಗುಜರಿಗೆ ಇಳಿಯುವುದರಲ್ಲಿ ಆಶ್ಚರ್ಯವೇನಿಲ್ಲ, ಯಂತ್ರಕ್ಕೂ ಮುಪ್ಪುಂಟು. ಆಶ್ಚರ್ಯವಿರುವುದು ಅದು ಗುಜರಿಯಿಂದ ಮೇಲೆದ್ದು ಬಂದುದರಲ್ಲಿ. 1952ರಲ್ಲಿ ಆಸ್ಟಿನ್ ಕಂಪನಿ ತನ್ನ ಎದುರಾಳಿಯಾಗಿದ್ದ ಮಾರಿಸ್‌ನೊಡನೆ ಒಂದಾಯಿತು. ಕೆಲವು ದಶಕಗಳಲ್ಲಿ ಆಸ್ಟಿನ್ ಎಂಬ ಹೆಸರಿನ ಕಾರುಗಳೇ ನಿಂತುಹೋದವು. ಹೆತ್ತ ಮನೆ ಬಾಗಿಲು ಹಾಕಿಕೊಂಡ ಮೇಲೂ ಮಗಳು ಮೈಸೂರಿನಲ್ಲಿ ಬಾಳುತ್ತಿದ್ದಾಳೆ.

ರಸ್ತೆಯ ಕಾರನ್ನು ಹಳಿಗೆ ಏರಿಸುವುದೆಂದರೆ ಚಕ್ರ ಬದಲಿಸಿದಷ್ಟು ಸುಲಭವೆಂದು ತೋರಬಹುದು. ಹಾಗಲ್ಲ. ಮೊದಲನೆಯದಾಗಿ, ಕಾರಿನ ಎಡಬಲ ಚಕ್ರಗಳ ನಡುವಣ ಅಂತರಕ್ಕೂ ಹಳಿಗಳ ನಡುವಣ ಅಂತರಕ್ಕೂ ಹೊಂದಿಕೆ ತರಬೇಕು. ಮೈಸೂರು ಸೀಮೆಯ ಹಳಿಗಳು ಅಂದು ಬಹುಪಾಲು ಮೀಟರ್ ಗೇಜಿನವು, ಎಂದರೆ ನಡುವೆ 1000 ಮಿಲಿಮೀಟರು. ನಮ್ಮ ಕಲಬುರಗಿಯ ಹಳಿಗಳಾದರೋ 1676 ಮಿಲಿಮೀಟರಿನ ಬ್ರಾಡ್ ಗೇಜಿನವು. ಒಂದಕ್ಕೆ ಹೊಂದಿದ ಅಚ್ಚು ಇನ್ನೊಂದಕ್ಕೆ ಹೊಂದದು. ಎರಡನೆಯದಾಗಿ, ಒಳಬದಿಗೆ ಅಂಚು ಎದ್ದ ಉಕ್ಕಿನ ಚಕ್ರಗಳನ್ನು ಕೂಡಿಸಬೇಕು. ಆ ಅಂಚೇ ಬಂಡಿಯನ್ನು ಹಳಿಯ ಮೇಲೆ ಹಿಡಿದಿಡುವುದು. ಅದಿರುವಾಗ ಸ್ಟಿಯರಿಂಗಿಗೆ ಕೆಲಸವಿಲ್ಲ, ಮುಂದಿನ ಚಕ್ರಗಳು ಅತ್ತಿತ್ತ ಹೊರಳದಂತೆ ಬಿಗಿಯಬೇಕು. ಮೂರನೆಯದು ತಡೆಯ ಪ್ರಶ್ನೆ. ಉಕ್ಕಿನ ಮೇಲೆ ಉಕ್ಕು ಉರುಳುವಾಗ ಎದುರೊತ್ತು ಬಹಳ ಕಡಮೆ, ಆದ್ದರಿಂದ ಸಣ್ಣ ಎಂಜಿನ್ನೂ ಲೀಲಾಜಾಲವಾಗಿ ಎಳೆಯುತ್ತದೆ. ಆದರೆ ಅದೇ ಕಾರಣದಿಂದ ಬ್ರೇಕು ಹಾಕಿದರೆ ಬಂಡಿ ಬೇಗ ನಿಲ್ಲುವುದಿಲ್ಲ. ರಸ್ತೆಯ ಅಭ್ಯಾಸದಲ್ಲಿ ಕಾಲೊತ್ತುವ ಚಾಲಕ ಹಳಿಯ ಮೇಲೆ ಮೋಸಹೋಗುತ್ತಾನೆ. ನಾಲ್ಕನೆಯದು ಹಿಂದಿರುಗುವ ತೊಡಕು. ಕಾರಿಗೆ ಮುಂದಕ್ಕೆ ಹಲವು ಗೇರುಗಳಿದ್ದರೆ ಹಿಂದಕ್ಕೆ ಒಂದೇ. ಹಳಿಯ ಮೇಲೆ ರಸ್ತೆಯಲ್ಲಿ ತಿರುಗಿಸಿದಂತೆ ತಿರುಗಿಸುವಂತಿಲ್ಲ. ಒಂದೋ ತಿರುಗುಮಣೆಯಿರುವ ನಿಲ್ದಾಣ ಸಿಗಬೇಕು, ಇಲ್ಲವೇ ಬಂಡಿಯನ್ನು ನಡುವಿನಲ್ಲಿ ಜಾಕಿಯಿಂದೆತ್ತಿ ತಿರುಗಿಸಬೇಕು. ಇಷ್ಟನ್ನೂ ಬಲ್ಲವನು ಮಾತ್ರ ಇಂಥ ಕೆಲಸಕ್ಕೆ ಕೈಹಾಕಬಲ್ಲ. ಗುಜರಿಯಲ್ಲಿ ಕಾರನ್ನು ಕಂಡ ಆ ನೌಕರ ಕೇವಲ ಅಗ್ಗಕ್ಕೆ ಆಸೆಪಟ್ಟವನಲ್ಲ. ಎರಡು ವಿದ್ಯೆಗಳನ್ನು ಒಂದೇ ತಲೆಯಲ್ಲಿ ಹೊತ್ತವನು.

ಇಷ್ಟು ಶ್ರಮವಾದರೂ ಏಕೆ ಬೇಕಾಗಿತ್ತು? ಹಳಿ ಎಂಬುದು ಒಮ್ಮೆ ಹಾಸಿ ಮರೆಯುವ ವಸ್ತುವಲ್ಲ. ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಮಳೆಗೆ ಜಲ್ಲಿ ಕುಸಿಯುತ್ತದೆ. ಬಂಡಿಗಳ ಭಾರಕ್ಕೆ ಮೊಳೆಗಳು ಸಡಿಲುತ್ತವೆ. ಗ್ಯಾಂಗಿನವರು ದಿನವೂ ನಡೆದು ನೋಡುತ್ತಾರೆ; ಅವರ ಕೆಲಸವನ್ನು ನೋಡಲು ಇನ್ಸ್‌ಪೆಕ್ಟರು ಟ್ರಾಲಿಯಲ್ಲಿ ಹೋಗುತ್ತಾರೆ. ಟ್ರಾಲಿಯೆಂದರೆ ನಾಲ್ಕು ಚಕ್ರದ ಮೇಲೊಂದು ಹಲಗೆ, ಹಲಗೆಯ ಮೇಲೊಂದು ಆಸನ, ಬಿಸಿಲಿಗೊಂದು ಕೊಡೆ. ಹಿಂದಿನಿಂದ ಟ್ರಾಲಿಮನ್ನರು ದೂಡಬೇಕು. ರೈಲು ಬಂದರೆ ಎಲ್ಲರೂ ಕೂಡಿ ಅದನ್ನೆತ್ತಿ ಹಳಿಯ ಆಚೆಗಿಡಬೇಕು. ನನ್ನ ಸೋದರಮಾವಂದಿರೊಬ್ಬರು ಈ ಕೆಲಸದಲ್ಲಿ ಸವೆದವರು. ಅಂಗೈಯಗಲದ ಹಳಿಯ ಮೇಲೆ ಬರಿಗಾಲಿನಲ್ಲಿ ಓಡಿ ಓಡಿ ಅವರ ಪಾದಗಳು ಎತ್ತಿನ ಗೊರಸಿನಂತೆ ಗಡುಸಾಗಿದ್ದವು. ಹುಡುಗನಾಗಿದ್ದಾಗ ನಾನೊಮ್ಮೆ ಕೇಳಿದ್ದೆ: “ಮಾಮಾ, ಟ್ರಾಲಿ ಮ್ಯಾಲ ಹೋಗೋದು ಭಾಳ ಮಜಾ ಇರ್ತದಲ್ಲಾ?” ಅವರು ಬೀಡಿ ಹಚ್ಚುತ್ತ ನಕ್ಕರು: “ಕುಂತವರಿಗಿ ಮಜಾ, ಅಳಿಯಾ. ದೂಡವರಿಗಿ ಸಜಾ.” ಹಳಿ ತಪಾಸಣೆಯ ಇಡೀ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಬರೆದವರನ್ನು ನಾನು ಕಂಡಿಲ್ಲ. ಮೋಟಾರು ಹಳಿಗೆ ಬಂದುದರ ಮಹತ್ವ ಅರ್ಥವಾಗಬೇಕಾದರೆ ಕುಳಿತವರ ಸುಖವನ್ನಲ್ಲ, ದೂಡುವವರ ಕಾಲುಗಳನ್ನು ನೆನೆಯಬೇಕು. ಎಲ್ಲಿಯವರೆಗೆ ಎಂಜಿನ್ನು ದೂಡುತ್ತದೆಯೋ ಅಲ್ಲಿಯವರೆಗೆ ಕೆಲವು ಜನರ ಕಾಲಿಗೆ ವಿಶ್ರಾಂತಿ.

ಇನ್ನು ಜೀರ್ಣೋದ್ಧಾರದ ವಿಚಾರ. ಈ ಮಾತು ನಮಗೆ ಹೊಸದಲ್ಲ. ಕನ್ನಡ ನಾಡಿನ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ನುಡಿ ಮತ್ತೆ ಮತ್ತೆ ಬರುತ್ತದೆ. ಗುಡಿ ಕಟ್ಟಿಸಿದಾಗಲೇ ಅದು ಮುಂದೆ ಒಡೆಯುತ್ತದೆ, ಬಿರುಕುಬಿಡುತ್ತದೆ ಎಂಬುದನ್ನು ನೆನೆದು ದುರಸ್ತಿಗೆ ಭೂಮಿ ಬಿಟ್ಟ ವಿವೇಕ ಅದು. ಯಂತ್ರದ ಜೀರ್ಣೋದ್ಧಾರದಲ್ಲಿ ಆದರೆ ಒಂದು ಸೂಕ್ಷ್ಮವಾದ ಪ್ರಶ್ನೆ ಏಳುತ್ತದೆ. ಈ ಆಸ್ಟಿನ್ನನ್ನು ಯಾವ ರೂಪಕ್ಕೆ ಮರಳಿಸಬೇಕು? ಕಾರುಗಳ ಮೋಹವುಳ್ಳವರು ಹೇಳಬಹುದು: ಇದು 1925ರ ಆಸ್ಟಿನ್, ಉಕ್ಕಿನ ಚಕ್ರ ಕಿತ್ತು ಟೈರು ಹಾಕಿ, ಲಾಂಗ್‌ಬ್ರಿಜ್‌ನಿಂದ ಹೊರಟ ದಿನ ಹೇಗಿತ್ತೋ ಹಾಗೆ ಮಾಡಿ ಎಂದು. ಮೂಲಕ್ಕೆ ನಿಷ್ಠೆ ಎಂಬುದು ಅವರ ವಾದ.

ಗ್ರಂಥಸಂಪಾದನೆಯನ್ನು ಹಲವು ವರ್ಷ ಪಾಠಹೇಳಿದವನಾಗಿ ಈ ವಾದದ ಸೆಳೆತವನ್ನು ನಾನು ಬಲ್ಲೆ. ಹಳೆಯ ಕಾವ್ಯದ ಹಸ್ತಪ್ರತಿಗಳನ್ನು ಹರಡಿಕೊಂಡು, ಲಿಪಿಕಾರರ ಕೈತಪ್ಪುಗಳನ್ನೂ ಪ್ರಕ್ಷಿಪ್ತಗಳನ್ನೂ ತೆಗೆದು ಕವಿಯ ಪಾಠವನ್ನು ಹುಡುಕುವುದೇ ಸಂಪಾದಕನ ಧರ್ಮ. ಆ ಲೆಕ್ಕದಲ್ಲಿ ಉಕ್ಕಿನ ಚಕ್ರಗಳು ಪ್ರಕ್ಷಿಪ್ತವೇ ಸರಿ. ಆದರೆ ಹಸ್ತಪ್ರತಿಗೂ ಯಂತ್ರಕ್ಕೂ ಒಂದು ಭೇದವುಂಟು. ಕಾವ್ಯದ ಪ್ರತಿ ಕವಿಗಾಗಿ ಇರುವುದು; ಈ ಕಾರು ಕವಿಯ ಕೃತಿಯಲ್ಲ. 1925ರಲ್ಲಿ ಇಂಥವು ಸಾವಿರಾರು ತಯಾರಾದವು. ಇಂದಿಗೂ ಇಂಗ್ಲೆಂಡಿನ ಸಂಗ್ರಾಹಕರ ಮನೆಗಳಲ್ಲಿ ಹೊಳೆಯುತ್ತ ನಿಂತಿರುವ ಆಸ್ಟಿನ್‌ಗಳು ಎಷ್ಟೋ ಇವೆ. ಅವುಗಳಿಂದ ಇದನ್ನು ಬೇರೆಮಾಡುವುದು ಆ ಪ್ರಕ್ಷಿಪ್ತವೇ. ಅದನ್ನು ಕಿತ್ತರೆ ಉಳಿಯುವುದು ಲಾಂಗ್‌ಬ್ರಿಜ್‌ನ ಮತ್ತೊಂದು ಕಾರು, ಕಳೆದುಹೋಗುವುದು ಮೈಸೂರಿನ ಏಕೈಕ ಕೃತಿ. ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ವೆನಿಸ್ಸಿನಲ್ಲಿ ಕೂಡಿದ ತಜ್ಞರೂ ಹೆಚ್ಚುಕಡಮೆ ಇದೇ ತೀರ್ಮಾನಕ್ಕೆ ಬಂದರು: ಬೇರೆ ಬೇರೆ ಕಾಲಗಳು ಸೇರಿಸಿದ ಸಾರ್ಥಕವಾದ ಅಂಶಗಳನ್ನೆಲ್ಲ ಗೌರವಿಸಬೇಕು, ಇಲ್ಲದುದನ್ನು ಊಹೆಯಿಂದ ತುಂಬಬಾರದು. ಆದ್ದರಿಂದ ಈ ಕಾರಿನ ಜೀರ್ಣೋದ್ಧಾರ ಒಮ್ಮೆಯಲ್ಲ, ಎರಡು ಸಲ ಆಯಿತೆಂದು ನಾನು ಎಣಿಸುತ್ತೇನೆ. ವಸ್ತುಸಂಗ್ರಹಾಲಯ ಅದನ್ನು ಕಾಪಾಡಿದ್ದು ಎರಡನೆಯದು. ಮೊದಲನೆಯದನ್ನು ಮಾಡಿದವನು ಗುಜರಿಯಿಂದ ಅದನ್ನು ಎತ್ತಿ ತಂದ ನೌಕರ. ಸತ್ತದ್ದಕ್ಕೆ ಹೊಸ ಕಾಯಕ ಕೊಟ್ಟು ಎಬ್ಬಿಸುವುದಕ್ಕಿಂತ ದೊಡ್ಡ ಜೀರ್ಣೋದ್ಧಾರ ಯಾವುದಿದೆ?

ಯಂತ್ರವನ್ನು ಶಾಸನದಂತೆ ಓದಬಹುದೆಂದು ಆರಂಭದಲ್ಲಿ ಹೇಳಿದೆನಷ್ಟೆ. ಅದಕ್ಕೂ ಒಂದು ಲಿಪಿಯುಂಟು. ಚೌಕಟ್ಟಿನ ಮೇಲೆ, ಎಂಜಿನ್ನಿನ ಮೈಮೇಲೆ ಒತ್ತಿದ ಅಂಕಿಗಳು ಅದರ ಜನ್ಮಕುಂಡಲಿ. ತಯಾರಾದ ವರ್ಷವನ್ನೂ ಮಾದರಿಯನ್ನೂ ಅವುಗಳಿಂದ ಹಿಡಿಯಬಹುದು. ಬಣ್ಣವನ್ನು ಮೂಲೆಯೊಂದರಲ್ಲಿ ಎಳೆಎಳೆಯಾಗಿ ಕೆರೆದರೆ ಒಂದರ ಕೆಳಗೊಂದು ಪದರ ಕಾಣುತ್ತವೆ, ಉತ್ಖನನದಲ್ಲಿ ಮಣ್ಣಿನ ಸ್ತರಗಳು ಕಾಣುವಂತೆ. ಒಂದು ಪದರ ಮನೆತನದ ಕಾಲದ್ದು, ಇನ್ನೊಂದು ರೈಲ್ವೆಯದು. ಕಾರ್ಖಾನೆಯ ಮೊಳೆ ಬೇರೆ, ವರ್ಕ್‌ಶಾಪಿನ ಮೊಳೆ ಬೇರೆ. ಎಲ್ಲಿ ಒಂದರ ಸಾಲು ಮುಗಿದು ಇನ್ನೊಂದರ ಸಾಲು ತೊಡಗುತ್ತದೆಯೋ ಅಲ್ಲಿ ಒಂದು ಕೈ ಮುಗಿದು ಇನ್ನೊಂದು ಕೈ ತೊಡಗಿತೆಂದು ಅರ್ಥ. ಸೀಟಿನ ತೊಗಲು ಎಲ್ಲಿ ಸವೆದಿದೆ, ಪೆಡಲಿನ ಯಾವ ಅಂಚು ನುಣುಪಾಗಿದೆ ಎಂಬುದರಲ್ಲಿ ಓಡಿಸಿದವನ ಅಭ್ಯಾಸವೇ ಇದೆ. ಹೊಳಪಿನ ಆಸೆಗೆ ಬಿದ್ದು ಎಲ್ಲವನ್ನೂ ಉಜ್ಜಿ ಒಂದೇ ಬಣ್ಣ ಬಳಿದುಬಿಟ್ಟರೆ ಶಾಸನದ ಕಲ್ಲಿಗೆ ಸುಣ್ಣ ಹೊಡೆದ ಹಾಗೆ. ನಮ್ಮ ಹಳ್ಳಿಗಳಲ್ಲಿ ಭಕ್ತಿಯಿಂದಲೇ ಹೀಗೆ ಎಷ್ಟು ಅಕ್ಷರಗಳು ಮುಚ್ಚಿಹೋಗಿವೆ ಎಂಬುದನ್ನು ಶಾಸನಗಳ ಹುಡುಕಾಟದಲ್ಲಿ ಅಲೆದವರೆಲ್ಲ ಬಲ್ಲರು.

ಈಗ ಈ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿಗೆ ಬರುತ್ತೇನೆ. ಕಾರಿನ ಕಂಪನಿಗೆ ಹೆಸರಿದೆ. ತಯಾರಾದ ವರ್ಷ ಗೊತ್ತಿದೆ. ಸಲೂನು ಬಂಡಿಯಲ್ಲಿ ಕುಳಿತವರು ಯಾರೆಂಬುದು ಗೊತ್ತಿದೆ. ಆದರೆ ನಾನು ಓದಿದ ವಿವರಣೆಗಳಲ್ಲೆಲ್ಲ ಕಾರನ್ನು ಹಳಿಗೇರಿಸಿದವನು ಬರಿಯ ‘ಒಬ್ಬ ರೈಲ್ವೆ ನೌಕರ’. ಕನ್ನಡ ನಾಡಿನ ಪದ್ಧತಿ ಇದಲ್ಲ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಹೊಯ್ಸಳರ ಹಲವು ಗುಡಿಗಳಲ್ಲಿ ಮಲ್ಲಿತಮ್ಮನ ಅಂಕಿತವಿದೆ. ಕಟ್ಟಿಸಿದವನ ಜೊತೆಗೆ ಕೆತ್ತಿದವನಿಗೂ ಕಲ್ಲಿನ ಮೇಲೆ ಸ್ಥಳ ಸಿಕ್ಕ ನಾಡು ಇದು. ನಮ್ಮ ಕಲ್ಯಾಣದ ಶರಣರಂತೂ ಕಾಯಕವನ್ನು ಹೆಸರಿನ ಮುಂದೆಯೇ ಇಟ್ಟುಕೊಂಡರು. ಅಂಬಿಗರ ಚೌಡಯ್ಯನ ದೋಣಿಯೂ ನುಲಿಯ ಚಂದಯ್ಯನ ಹಗ್ಗವೂ ಎಂಟುನೂರು ವರ್ಷಗಳಿಂದ ನಮ್ಮೊಡನಿವೆ. ಇತ್ತ ಮಳಖೇಡದಲ್ಲಿ ಹುಟ್ಟಿದ ಕವಿರಾಜಮಾರ್ಗವನ್ನು 1898ರಲ್ಲಿ ಕೆ. ಬಿ. ಪಾಠಕರು ಪ್ರಕಟಿಸಿದಂದಿನಿಂದ ಅದರ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂದು ವಿದ್ವಾಂಸರು ಚರ್ಚಿಸುತ್ತಲೇ ಬಂದಿದ್ದಾರೆ. ಸಾವಿರ ವರ್ಷದ ಹಿಂದಿನ ಕರ್ತೃವಿಗಾಗಿ ಇಷ್ಟು ಹುಡುಕಾಡುವ ನಾವು, ನೂರು ವರ್ಷವೂ ಆಗದ ಒಂದು ಕೃತಿಯ ಕರ್ತೃವನ್ನು ‘ಒಬ್ಬ ನೌಕರ’ನೆಂದು ಬಿಟ್ಟುಕೊಡುವುದು ನ್ಯಾಯವೇ?

ಇದು ಒಬ್ಬನ ಮಾತಲ್ಲ. 1951ರ ಏಪ್ರಿಲಿನಲ್ಲಿ ಮೈಸೂರು ಸಂಸ್ಥಾನದ ರೈಲು ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಅದೇ ವರ್ಷ ನಿಜಾಮರ ರೈಲು ಮಧ್ಯ ರೈಲ್ವೆಯಲ್ಲಿ ಸೇರಿತು. ಆಮೇಲೆ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಉಗಿ ಹೋಗಿ ಡೀಸೆಲ್, ಡೀಸೆಲ್ ಹೋಗಿ ವಿದ್ಯುತ್ತು ಬಂತು. ಶಿವಮೊಗ್ಗ–ತಾಳಗುಪ್ಪದ ಹಳಿಯ ಮೇಲೆ ಮೀಟರ್ ಗೇಜಿನ ಕೊನೆಗಾಲದಲ್ಲಿ ಓಡುತ್ತಿದ್ದ ರೈಲು ಬಸ್ಸು, ಅದೂ ಬಸ್ಸಿಗೂ ರೈಲಿಗೂ ಹುಟ್ಟಿದ ಕೂಸೇ, ಈಗ ನೆನಪು ಮಾತ್ರ. ಪ್ರತಿಯೊಂದು ಬದಲಾವಣೆಯೂ ಒಳ್ಳೆಯದಕ್ಕೇ ಆದದ್ದು. 2017ರಲ್ಲಿ ಕಲಬುರಗಿ–ಬೀದರ ಮಾರ್ಗ ತೆರೆದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಪ್ರತಿ ಸಲವೂ ಒಂದಷ್ಟು ಯಂತ್ರಗಳು ಗುಜರಿಗೆ ಹೋದವು. ಅವುಗಳ ಜೊತೆಗೆ ಅವನ್ನು ಬಲ್ಲ ಕೈಗಳ ಹೆಸರೂ ಹೋಯಿತು. ಯಂತ್ರವನ್ನು ಗುಜರಿಯವನು ತೂಕಕ್ಕಾದರೂ ಕೊಳ್ಳುತ್ತಾನೆ. ಹೆಸರನ್ನು ಕೊಳ್ಳುವವರಿಲ್ಲ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ವಾಡಿ, ಶಹಾಬಾದ, ಹುಬ್ಬಳ್ಳಿ, ಅರಸೀಕೆರೆ, ಮೈಸೂರುಗಳ ರೈಲ್ವೆ ಕಾಲೊನಿಗಳಲ್ಲಿ ಮೂರು ತಲೆಮಾರು ಹಳಿಯ ಅನ್ನ ಉಂಡ ಮನೆತನಗಳಿವೆ. ಅವರ ಟ್ರಂಕುಗಳಲ್ಲಿ ನಿವೃತ್ತಿಯ ದಿನದ ಗುಂಪು ಚಿತ್ರಗಳಿವೆ, ಸರ್ವಿಸ್ ಪುಸ್ತಕಗಳಿವೆ, ಹಿತ್ತಾಳೆಯ ಬಿಲ್ಲೆಗಳಿವೆ. ಮುದುಕರ ಬಾಯಲ್ಲಿ ಇನ್ನೂ ಒಂದಷ್ಟು ಕಥೆಯಿದೆ. ಜಾನಪದ ಹಾಡುಗಳನ್ನು ಸಂಗ್ರಹಿಸಲು ಊರೂರು ತಿರುಗಿದ ನಮ್ಮ ವಿದ್ಯಾರ್ಥಿಗಳಿಗೆ ಈ ಮನೆಗಳ ದಾರಿಯೂ ಗೊತ್ತಾಗಬೇಕು. ಗುಂಪು ಚಿತ್ರದಲ್ಲಿ ಕುರ್ಚಿಯ ಮೇಲೆ ಕುಳಿತವರ ಹೆಸರು ಹೇಗೂ ಕೆಳಗೆ ಅಚ್ಚಾಗಿರುತ್ತದೆ. ಹಿಂದೆ ನಿಂತವರು ಯಾರು, ನೆಲದ ಮೇಲೆ ಕುಳಿತವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ, ಚಿತ್ರದ ಬೆನ್ನಿಗೆ ಪೆನ್ಸಿಲಿನಿಂದಾದರೂ ಬರೆದಿಡಬೇಕು. ಇಂದು ಹೇಳಬಲ್ಲವರು ಇದ್ದಾರೆ. ಅವರ ವಯಸ್ಸನ್ನು ನೋಡಿದರೆ ಈ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕುವಂತಿಲ್ಲ.